ಆ್ಯಪ್ ಬರೆಯೋ ಮುಂಚೆ ಪೇಷಂಟ್ ಪಕ್ಕ ಕೂತ್ಕೊಳ್ಳಿ

ಆಸ್ಪತ್ರೆಗೆ ಅಂತ ಒಂದು ಆ್ಯಪ್ ಮಾಡೋವಾಗ ಯಾರನ್ನೆಲ್ಲ ಕೇಳ್ತಾರೆ ಅಂತ ನೋಡಿದ್ರೆ, ಡಾಕ್ಟ್ರನ್ನ ಕೇಳ್ತಾರೆ, ಇಲಾಖೆಯವರನ್ನ ಕೇಳ್ತಾರೆ, ಕೌಂಟರಲ್ಲಿ ಕೂರೋ ಕಂಪ್ಯೂಟರ್ ಆಪರೇಟರನ್ನೂ ಒಂದು ಮಾತು ಕೇಳ್ತಾರೆ, ದುಡ್ಡು ಹಾಕೋರನ್ನಂತೂ ಹೆಜ್ಜೆ ಹೆಜ್ಜೆಗೂ ಕೇಳ್ತಾರೆ. ಪೇಷಂಟ್ ಸರದಿ ಬರೋದು ಎಲ್ಲಾ ಮುಗಿದ್ಮೇಲೆ, ಬಣ್ಣ ಬಳಿದು ಉದ್ಘಾಟನೆ ದಿನಾಂಕನೂ ಫಿಕ್ಸ್ ಆದ್ಮೇಲೆ, "ಇದನ್ನ ಡೌನ್‌ಲೋಡ್ ಮಾಡ್ಕೊಳ್ಳಿ" ಅಂತ ಹೇಳೋಕೆ. ಅಷ್ಟೊತ್ತಿಗೆ ಅವರು ಏನೇ ಹೇಳಿದ್ರೂ ಬದಲಾಯಿಸೋಕೆ ಟೈಮೂ ಇರಲ್ಲ, ದುಡ್ಡೂ ಇರಲ್ಲ, ಮನಸ್ಸಂತೂ ಇರೋದೇ ಇಲ್ಲ.

ನಾನು ಕೆಲಸ ಮಾಡೋದು ಇದೇ ಫೀಲ್ಡಲ್ಲಿ. ಆಸ್ಪತ್ರೆಗಳಿಗೆ ಬೇಕಾದ ಆ್ಯಪ್ಪು, ಫೋನ್ ಸರ್ವೀಸು ಇಂಥವನ್ನ ಮಾಡೋ ಒಂದು ಟೀಮಲ್ಲಿ ಸ್ಕ್ರೀನ್ ಹೇಗಿರಬೇಕು, ಜನ ಅದನ್ನ ಹೇಗೆ ಬಳಸ್ತಾರೆ, ಎಲ್ಲಿ ಕೈ ಬಿಡ್ತಾರೆ ಅಂತ ನೋಡೋದು ನನ್ನ ಪಾಲಿಗೆ ಬಂದಿರೋ ಕೆಲಸ. ಈ ಕೆಲಸಕ್ಕೆ ಅಂತ ನಮ್ಮ ತುಮಕೂರು ಕಡೆಯ ಒಂದು ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಲ್ಲಿ, ಅಂದ್ರೆ ಶುಗರ್ ಬಿಪಿ ಪೇಷಂಟ್‌ಗಳು ತಿಂಗಳು ತಿಂಗಳು ಬಂದು ಬೆರಳು ಚುಚ್ಚಿಸ್ಕೊಂಡು ಮಾತ್ರೆ ತಗೊಂಡು ಹೋಗೋ ಕಡೆ, ಸುಮಾರು ಸಲ ಹೋಗಿ ಕೂತಿದೀನಿ. ಅಲ್ಲಿ ಕಂಡಿದ್ದು ಕೇಳಿದ್ದು ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು. ನಾನು ಹೇಳಬೇಕಾಗಿರೋದು ಇಷ್ಟೇ, ಪೇಷಂಟನ್ನ ಮೊದಲ ದಿನದಿಂದಲೇ ಜೊತೆಗೆ ಕೂರಿಸ್ಕೋಬೇಕು, ಅವರು ಕಳ್ಕೊಳ್ಳೋ ಕೂಲಿ ಕೊಡಬೇಕು, "ಇದು ನಮಗೆ ಬೇಡ" ಅಂತ ಅವರು ಅಂದ್ರೆ ನಿಜವಾಗ್ಲೂ ಕೈಬಿಡೋಕೆ ತಯಾರಿರಬೇಕು. ಮೊದಲನೇದಕ್ಕೆ ಎಲ್ಲರೂ ಹೂಂ ಅಂತಾರೆ. ಎರಡನೇದಕ್ಕೆ ಅಕೌಂಟ್ಸ್‌ನವರು ಮುಖ ಮುಖ ನೋಡ್ತಾರೆ. ಮೂರನೇದನ್ನ ಒಪ್ಪಿಕೊಂಡೋರು ನನಗಿನ್ನೂ ಜಾಸ್ತಿ ಸಿಕ್ಕಿಲ್ಲ.

ನಾವು ಮಾಡಬೇಕು ಅಂತಿದ್ದಿದ್ದು ಸಿಂಪಲ್ಲಾಗಿತ್ತು, ಮಾತ್ರೆ ನುಂಗೋದನ್ನ ನೆನಪಿಸೋದು, ತಿಂಗಳ ಶುಗರ್ ನಂಬರ್ ಇಟ್ಕೊಳ್ಳೋದು, ಡಾಕ್ಟ್ರ ಹತ್ರ ಫೋನಲ್ಲೇ ಮಾತಾಡೋಕೆ ಒಂದು ದಾರಿ. ಕೋಡ್ ಒಂದು ಸಾಲೂ ಬರೆಯದೆ, ಸ್ಕ್ರೀನ್‌ಗಳನ್ನ ಪೇಪರ್ ಮೇಲೆ ಬರ್ಕೊಂಡು ಹೋಗಿದ್ವಿ, ಫೋನ್ ಸೈಜಿಗೇ ಕತ್ತರಿಸಿ. ಇದು ನನಗೆ ತುಂಬಾ ಇಷ್ಟವಾದ ಪದ್ಧತಿ, ಯಾಕಂದ್ರೆ ಪೇಪರ್ ಆದ್ರೆ ಜನ ಧೈರ್ಯವಾಗಿ ಬೈತಾರೆ, ಪೆನ್ ತಗೊಂಡು ಗೀಚ್ತಾರೆ, "ಇದನ್ನ ಹರಿದು ಹಾಕಿ" ಅಂತಾನೂ ಅಂತಾರೆ. ಅದೇ ಹೊಳೆಯೋ ಫೋನ್ ಕೈಗೆ ಕೊಟ್ರೆ "ಚೆನ್ನಾಗೈತೆ ಮೇಡಂ" ಅಂತ ವಾಪಸ್ ಕೊಡ್ತಾರೆ.

ಓದು ಬರದಿರೋರಿಗೆ ಅಂತ ಒಂದು ಪೇಪರಲ್ಲಿ ಮಾತ್ರೆ ಚಿತ್ರ ಇತ್ತು, ಬಿಳಿ ಮಾತ್ರೆ ಪಕ್ಕ ಸೂರ್ಯ, ಇನ್ನೊಂದರ ಪಕ್ಕ ಚಂದ್ರ. ನೋಡೋಕೆ ಬಹಳ ಚೆಂದ. ಅರವತ್ತೈದು ದಾಟಿದ ಒಬ್ರು ಅಜ್ಜಿ ಅದನ್ನ ಹತ್ತಿರ ಹಿಡ್ಕೊಂಡು ನೋಡಿದ್ರು, ಏನೂ ಮಾತಾಡ್ಲಿಲ್ಲ, ಸೆರಗಿನ ಗಂಟು ಬಿಚ್ಚಿದ ಹಾಗೆ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿ ಒಳಗಿದ್ದ ಸ್ಟ್ರಿಪ್‌ಗಳನ್ನೆಲ್ಲ ಬೆಂಚಿನ ಮೇಲೆ ಜೋಡಿಸಿದ್ರು. ಹೋದ ತಿಂಗಳು ಉಳಿದಿದ್ದು ಒಂದು ಕಡೆ, ಅವತ್ತು ಕೊಟ್ಟಿದ್ದು ಇನ್ನೊಂದು ಕಡೆ. "ನೋಡವ್ವ, ಈ ಬಿಪಿ ಮಾತ್ರೆ ಹೋದ ತಿಂಗ್ಳು ಬೆಳ್ಳಗಿತ್ತು, ಈ ಸಲ ಕೆಂಪಗೈತೆ. ಅದೇ ಮಾತ್ರೆ ಅಂತ ಆವಪ್ಪ ಹೇಳ್ದ. ನಿನ್ ಫೋನಲ್ಲಿ ಬೆಳ್ಳಗಿರೋದೇ ತೋರ್ಸಿದ್ರೆ ನಾನಿದನ್ನ ನುಂಗ್ಲೋ ಬೇಡ್ವೋ?"

ಎಂಥಾ ಪ್ರಶ್ನೆ ನೋಡಿ. ಸರ್ಕಾರಿ ಸಪ್ಲೈ ಅಂದ್ರೆ ಟೆಂಡರ್, ಕಂಪನಿ ಬದಲಾದ್ರೆ ಮಾತ್ರೆ ಬಣ್ಣ ಬದಲಾಗುತ್ತೆ, ಸೈಜ್ ಬದಲಾಗುತ್ತೆ, ಒಳಗಿರೋ ಔಷಧಿ ಅದೇ ಇರುತ್ತೆ. ಡಾಕ್ಟ್ರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದ್ರೆ ಡಾಕ್ಟ್ರು ಮಾತ್ರೆನ ಹೆಸರಿಂದ ನೆನಪಿಟ್ಕೊಳ್ತಾರೆ, ಬಣ್ಣದಿಂದ ಅಲ್ಲ, ಹಾಗಾಗಿ ಮೀಟಿಂಗಲ್ಲಿ ಯಾರಿಗೂ ಅದು ಹೊಳೀಲಿಲ್ಲ. ಹೊಳೆದಿದ್ದು ದಿನಾ ಅದನ್ನ ಕೈಯಲ್ಲಿ ಹಿಡಿದು ನುಂಗೋರಿಗೆ. ಇದಕ್ಕೆ ಪರಿಹಾರನೂ ಅಲ್ಲೇ ಬೆಂಚಿನ ಮೇಲೇ ಸಿಕ್ತು. ಫಾರ್ಮಸಿಯವರು ಸ್ಟ್ರಿಪ್ ಹಿಂದೆ ಪೆನ್ನಲ್ಲಿ ಗೆರೆ ಎಳೆದು ಕೊಡ್ತಾರಲ್ಲ, ಬೆಳಗ್ಗೆದಕ್ಕೆ ಒಂದು ಗೆರೆ ರಾತ್ರಿದಕ್ಕೆ ಎರಡು ಗೆರೆ ಅಂತ, ಆ ಗೆರೆ ಎಳೆದ ಸ್ಟ್ರಿಪ್ಪನ್ನೇ ಕೌಂಟರಲ್ಲಿ ಒಂದು ಫೋಟೋ ತೆಗೆದು ಇಟ್ಬಿಡಿ, ಆ ತಿಂಗಳು ಅದನ್ನೇ ತೋರಿಸಲಿ, ಅಂತ ಪಕ್ಕದಲ್ಲಿ ಕೂತಿದ್ದ ಇನ್ನೊಬ್ರು ಹೇಳಿದ್ರು, ಅವರು ಲಾರಿ ಡ್ರೈವರ್ ಆಗಿದ್ದೋರು, ಲೋಡ್ ಇಳಿಸಿದ್ಮೇಲೆ ರಸೀದಿ ಫೋಟೋ ಕಳಿಸಿ ಅಭ್ಯಾಸ ಇತ್ತು ಅವರಿಗೆ. ಚಿತ್ರದ ಪೇಪರ್ ಎತ್ತಿಟ್ವಿ, ಲಾರಿ ಅಣ್ಣ ಹೇಳಿದ್ದನ್ನ ಬರ್ಕೊಂಡ್ವಿ.

ಆಮೇಲೆ ಒಟಿಪಿ. ಇದರ ಬಗ್ಗೆ ಎಷ್ಟು ಬರೆದ್ರೂ ಸಾಲಲ್ಲ. ಈಗ ಸುಮಾರು ದೊಡ್ಡ ಆಸ್ಪತ್ರೆಗಳಲ್ಲಿ ಓಪಿಡಿ ಕೌಂಟರ್ ಹತ್ರ ಒಂದು ಕ್ಯೂಆರ್ ಕೋಡ್ ಅಂಟಿಸಿರ್ತಾರೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೆಳಗೆ ಬಂದಿರೋದು, 14 ಅಂಕಿಯ ಆಭಾ ಅನ್ನೋ ಆರೋಗ್ಯ ಗುರುತಿನ ನಂಬರ್ ಇದ್ದು ಫೋನಲ್ಲಿ ಅದನ್ನ ಸ್ಕ್ಯಾನ್ ಮಾಡಿದ್ರೆ ಹೆಸರು ವಯಸ್ಸು ಎಲ್ಲಾ ತಾನಾಗೇ ಹೋಗಿ ಟೋಕನ್ ಬರುತ್ತೆ. ಫೋನ್ ಇರೋರಿಗೆ ನಿಜವಾಗ್ಲೂ ಒಳ್ಳೇದು, ಕ್ಯೂ ಕಡಿಮೆ ಆಗುತ್ತೆ, ನಾನೇ ಅಮ್ಮನ್ನ ಕರ್ಕೊಂಡು ಹೋದಾಗ ಬಳಸಿದೀನಿ. ಆದ್ರೆ ಆಧಾರ್ ಮೂಲಕ ಆಭಾ ಮಾಡಿಸಬೇಕು ಅಂದ್ರೆ ಆಧಾರಿಗೆ ಲಿಂಕ್ ಆಗಿರೋ ನಂಬರಿಗೆ ಒಟಿಪಿ ಹೋಗುತ್ತೆ, ಆ ನಂಬರ್ ಹಳ್ಳಿ ಮನೆಗಳಲ್ಲಿ ಬಹಳ ಸಲ ಮಗಂದು, ಮಗ ಪೀಣ್ಯದಲ್ಲಿ ಯಾವುದೋ ಫ್ಯಾಕ್ಟರೀಲಿ, ಶಿಫ್ಟ್ ಟೈಮಲ್ಲಿ ಫೋನ್ ಲಾಕರಲ್ಲಿ. ಇಲ್ಲಿ ಅಪ್ಪ ಕೌಂಟರ್ ಮುಂದೆ ನಿಂತು ಮತ್ತೆ ಮತ್ತೆ ರಿಂಗ್ ಮಾಡ್ತಾ ಇರ್ತಾರೆ, ಹಿಂದೆ ಕ್ಯೂನವರು ಗದರ್ತಾ ಇರ್ತಾರೆ, ಅಲ್ಲಿ ಮಗ ಟೀ ಬ್ರೇಕಲ್ಲಿ ನೋಡಿ ನಂಬರ್ ಹೇಳೋಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತೆ.

ಪೇಷಂಟ್‌ಗಳನ್ನ ಕೇಳಿದ್ರೆ ಅವರು ಹೇಳಿದ್ದು, ಎರಡು ನಂಬರ್ ತಗೊಳ್ಳಿ. ಒಂದು ನನ್ನ ಕೀಪ್ಯಾಡ್ ಫೋನಿಂದು, ಅದಕ್ಕೆ ಕರೆ ಮಾಡಿ ಮಾತಲ್ಲಿ ಹೇಳಿ. ಇನ್ನೊಂದು ಮಗಂದೋ ಸೊಸೆದೋ, ಅದಕ್ಕೆ ಮೆಸೇಜ್ ಹಾಕಿ. ನಮಗೆ ಇದು ಬಹಳ ಸರಿ ಅನ್ನಿಸ್ತು, ಬರ್ಕೊಂಡು ಮುಂದಕ್ಕೆ ಹೋಗೋದ್ರಲ್ಲಿದ್ವಿ, ಅಷ್ಟ್ರಲ್ಲಿ ಮೂಲೆಲಿ ಕೂತಿದ್ದ ಒಬ್ರು ಅಮ್ಮ, ಅಲ್ಲಿವರೆಗೂ ಬಾಯೇ ಬಿಟ್ಟಿರಲಿಲ್ಲ, "ನನ್ ಶುಗರ್ ಎಷ್ಟೈತೆ ಅಂತ ಮಗನಿಗೆ ಹೋಗೋದು ಬ್ಯಾಡ ಕಣವ್ವ, ಅವನು ಗಾಬರಿ ಬಿದ್ದು ರಜಾ ಹಾಕ್ಕೊಂಡು ಬತ್ತಾನೆ, ಅಲ್ಲಿ ಸಂಬಳ ಕಟ್ ಮಾಡ್ತಾರೆ" ಅಂದ್ರು. ಅವರ ಮಾತಿಗೆ ಎದುರು ಕೂತೋರೊಬ್ರು "ನನ್ ಮಗನಿಗೆ ಮಾತ್ರ ಹೋಗ್ಲಿ, ಅವನಿಗೂ ಗೊತ್ತಾಗ್ಲಿ" ಅಂದ್ರು. ಎಲ್ಲರೂ ನಕ್ರು, ಆದ್ರೆ ಅಲ್ಲಿದ್ದಿದ್ದು ದೊಡ್ಡ ವಿಷಯನೇ. ಯಾರ ರಿಪೋರ್ಟ್ ಯಾರಿಗೆ ಹೋಗಬೇಕು ಅನ್ನೋದನ್ನ ಒಂದೊಂದು ಪೇಷಂಟನ್ನೂ ಬೇರೆ ಬೇರೆಯಾಗಿ ಕೇಳ್ಬೇಕು, ಮನೆಯವರು ಅಂದ್ರೆ ಎಲ್ಲರಿಗೂ ಒಂದೇ ಅರ್ಥ ಇಲ್ಲ. ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಪ್ರೈವಸಿ ಬಗ್ಗೆ ಎಷ್ಟು ಚರ್ಚೆ ಮಾಡಿದ್ರೂ ನಮಗೆ ಈ ಸಂಬಳ ಕಟ್ ಆಗೋ ವಿಷಯ ತಲೆಗೆ ಬರ್ತಿರಲಿಲ್ಲ.

ಈಗ ಟೆಲಿಮೆಡಿಸಿನ್, ಅಂದ್ರೆ ದೂರದಲ್ಲಿರೋ ಡಾಕ್ಟ್ರು ಫೋನಲ್ಲೋ ವಿಡಿಯೋದಲ್ಲೋ ನೋಡೋ ವಿಷಯಕ್ಕೆ ಬರ್ತೀನಿ. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. 2000ನೇ ಇಸವಿಯ ಆಚೀಚೆಗೇ ಇಸ್ರೋ ಉಪಗ್ರಹದ ಮೂಲಕ ಆಸ್ಪತ್ರೆ ಆಸ್ಪತ್ರೆ ಜೋಡಿಸೋ ಕೆಲಸ ಶುರು ಮಾಡಿತ್ತು, ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತೆ ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆನ ಬೆಂಗಳೂರಿನ ನಾರಾಯಣ ಹೃದಯಾಲಯದ ಜೊತೆ ಸೇರಿಸಿದ್ರು, ಎದೆನೋವು ಅಂತ ಬಂದೋರ ಇಸಿಜಿನ ದೂರದಲ್ಲಿದ್ದ ಹಾರ್ಟ್ ಡಾಕ್ಟ್ರು ನೋಡಿ ಹೇಳೋ ಹಾಗಾಯ್ತು. ಆಗ ಅದು ಡಾಕ್ಟ್ರಿಂದ ಡಾಕ್ಟ್ರಿಗೆ ನಡೆಯೋ ಮಾತು, ಪೇಷಂಟ್ ಮಂಚದ ಮೇಲೆ ಮಲಗಿರೋರು. ಕೋವಿಡ್ ಬಂದು, 2020ರ ಮಾರ್ಚ್ 25ಕ್ಕೆ ಟೆಲಿಮೆಡಿಸಿನ್ ಪ್ರಾಕ್ಟೀಸ್ ಗೈಡ್‌ಲೈನ್ಸ್ ಹೊರಬಂದು, ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವನಿ ಓಪಿಡಿ ಶುರುವಾದ ಮೇಲೆ ಪೇಷಂಟ್ ಮನೇಲೇ ಕೂತು ನೇರವಾಗಿ ಡಾಕ್ಟ್ರಿಗೆ ಮಾತಾಡೋದು ಮಾಮೂಲಿ ಆಯ್ತು. ಇ-ಸಂಜೀವನಿ 2023ರ ಫೆಬ್ರವರಿಗೆ 10 ಕೋಟಿ ಸಮಾಲೋಚನೆ ದಾಟಿತ್ತು, ಬಳಸಿದೋರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು.

ಆ 10 ಕೋಟಿಯಲ್ಲಿ ಬಹುಪಾಲು ಆಗಿದ್ದು ಮನೆ ಫೋನಿಂದಲ್ಲ, ಇದನ್ನ ಗಮನಿಸ್ಬೇಕು. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಪೇಷಂಟ್ ಬರ್ತಾರೆ, ಅಲ್ಲಿರೋ ಸಿಎಚ್ಒ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ, ಪಕ್ಕದಲ್ಲಿ ಕೂತು ಬಿಪಿ ನೋಡಿ ದೂರದ ಡಾಕ್ಟ್ರಿಗೆ ಕನೆಕ್ಟ್ ಮಾಡ್ತಾರೆ, ಪೇಷಂಟ್ ಹೇಳೋಕೆ ತಡವರಿಸಿದ್ರೆ ಅವರು ಸೇರಿಸಿ ಹೇಳ್ತಾರೆ. ಮಧ್ಯದಲ್ಲಿ ಒಬ್ಬ ಮನುಷ್ಯ ಇದ್ದಾಗ ಜನ ಬಂದ್ರು. ಆದ್ರೂ ಈಗಲೂ ಹೊಸ ಪ್ರಾಜೆಕ್ಟ್ ಅಂದ್ರೆ ಪೇಷಂಟ್ ಕೈಗೇ ಆ್ಯಪ್ ಕೊಡೋದು, ಮಧ್ಯದೋರನ್ನ ತೆಗೆಯೋದು, ಅದೇ ಮುಂದುವರಿದ ಕೆಲಸ ಅಂತ ಅಂದ್ಕೋತಾರೆ.

ಇದನ್ನೇ ಎನ್‌ಸಿಡಿ ಕ್ಲಿನಿಕ್ಕಲ್ಲಿ ಕೇಳ್ದಾಗ ಬಂದ ಉತ್ತರ ನಮ್ಮ ಪ್ಲಾನನ್ನೇ ತಲೆಕೆಳಗು ಮಾಡ್ತು. "ಡಾಕ್ಟ್ರು ಫೋನಲ್ಲಿ ಸಿಗ್ತಾರೆ ಸರಿ, ಮಾತ್ರೆ ಫೋನಲ್ಲಿ ಬತ್ತದಾ?" ಅಷ್ಟೇ. ಅವರು ತಾಲೂಕು ಆಸ್ಪತ್ರೆಗೆ ಬರೋದು ಡಾಕ್ಟ್ರ ಮುಖ ನೋಡೋಕಲ್ಲ, ಒಂದು ತಿಂಗಳ ಮಾತ್ರೆ ಪುಕ್ಕಟೆ ಸಿಗುತ್ತೆ ಅಂತ. ಫೋನಲ್ಲಿ ಡಾಕ್ಟ್ರು ಚೀಟಿ ಬರೆದುಕೊಟ್ರೆ ಆ ಚೀಟಿ ಹಿಡ್ಕೊಂಡು ಮೆಡಿಕಲ್ ಶಾಪಿಗೆ ಹೋಗಿ ದುಡ್ಡು ಕೊಟ್ಟು ತರಬೇಕು, ಇಲ್ಲಾಂದ್ರೆ ಅದೇ ಆಸ್ಪತ್ರೆಗೆ ಬರಬೇಕು, ಅಲ್ಲಿಗೆ ಫೋನ್ ಕನ್ಸಲ್ಟೇಶನ್ನಿಂದ ಉಳಿದಿದ್ದೇನು? ಟೆಲಿಮೆಡಿಸಿನ್ ಬಗ್ಗೆ ಮಾತಾಡೋರು ಮೊದಲು ಹೇಳೋದು ಪ್ರಯಾಣದ ಖರ್ಚು ಉಳಿಯುತ್ತೆ ಅಂತ. ನಮ್ಮಲ್ಲಿ 2023ರ ಜೂನಿಂದ ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಬಸ್ ಚಾರ್ಜ್ ಅವರ ಲೆಕ್ಕದಲ್ಲೇ ಇಲ್ಲ. ಅವರ ಲೆಕ್ಕದಲ್ಲಿರೋದು ಆ ದಿನದ ಕೂಲಿ, ಮಧ್ಯಾಹ್ನದ ಹೊತ್ತಿಗೆ ವಾಪಸ್ ಬರೋ ಬಸ್ಸು, ಸಂಜೆ ಹಾಲು ಕರೆದು ಡೈರಿಗೆ ಹಾಕೋದು ತಪ್ಪಿ ಹೋಗುತ್ತಲ್ಲ ಅದು. ಅವರೇ ಹೇಳಿದ ಪ್ರಕಾರ ಆಗಬೇಕಾಗಿದ್ದು, ಮಾತ್ರೆ ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಬರಲಿ, ಬೆರಳು ಅಲ್ಲೇ ಚುಚ್ಚಲಿ, ನಂಬರ್ ಜಾಸ್ತಿ ಇದ್ರೆ ಮಾತ್ರ ಡಾಕ್ಟ್ರಿಗೆ ಫೋನ್ ಹಚ್ಚಿಕೊಡಲಿ, ಸರಿ ಇದ್ರೆ ಮಾತ್ರೆ ತಗೊಂಡು ಹೊಲಕ್ಕೆ ಹೋಗ್ತೀವಿ. ಅಂದ್ರೆ ಅವರಿಗೆ ಬೇಕಾದ ಸಾಫ್ಟ್‌ವೇರ್ ಇರಬೇಕಾದ್ದು ಪೇಷಂಟ್ ಫೋನಲ್ಲಲ್ಲ, ಔಷಧಿ ಸ್ಟಾಕ್ ರೂಮಲ್ಲಿ, ಯಾವ ಕೇಂದ್ರಕ್ಕೆ ಯಾವ ಮಾತ್ರೆ ಎಷ್ಟು ಹೋಗಬೇಕು ಅಂತ ನೋಡೋದಕ್ಕೆ. ಪೇಷಂಟನ್ನ ಮೊದಲೇ ಕೇಳಬೇಕು ಅಂತ ನಾನು ಹಠ ಹಿಡಿಯೋದು ಇದಕ್ಕೇ. ಆ್ಯಪ್ ಮುಗಿದ ಮೇಲೆ ಕೇಳಿದ್ರೆ ಬಟನ್ ಬಣ್ಣ ಬದಲಾಯಿಸಬಹುದು ಅಷ್ಟೇ, ಮೊದಲೇ ಕೇಳಿದ್ರೆ ಯಾವ ಆ್ಯಪ್ ಅನ್ನೋದೇ ಬದಲಾಗುತ್ತೆ.

ವಿಡಿಯೋ ಕಾಲ್ ಬಗ್ಗೆನೂ ಒಂದು ಮಾತು. ಡಾಕ್ಟ್ರುಗಳಿಗೆ ವಿಡಿಯೋ ಬೇಕು, ಮುಖ ನೋಡಿದ್ರೆ ಅರ್ಧ ಕಾಯಿಲೆ ಗೊತ್ತಾಗುತ್ತೆ ಅಂತಾರೆ, ಅದು ನಿಜಾನೇ. ಆದ್ರೆ ಹೆಂಗಸರ ಗುಂಪಿನ ಜೊತೆ ಬೇರೆಯಾಗಿ ಕೂತಾಗ, ಗಂಡಸರು ಯಾರೂ ಇಲ್ಲದಾಗ, ಬಂದ ಮಾತೇ ಬೇರೆ. ಎದೆ ಕೆಳಗೆ ಬೆವರುಸಾಲೆ ಆಗಿ ಕೆರೆತ, ಬಿಳಿ ಸೆರಗು ಹೋಗೋದು, ಇಂಥವನ್ನ ಮೈದುನ ಟಿವಿ ನೋಡ್ತಾ ಕೂತಿರೋ ಮನೇಲಿ ಫೋನ್ ಮುಂದೆ ಹಿಡ್ಕೊಂಡು ಹೇಳೋದು ಹೇಗೆ? ಒಬ್ರು ಹೇಳಿದ್ರು, ಬರೀ ಮಾತಿನ ಫೋನ್ ಆದ್ರೆ ಕೊಟ್ಟಿಗೆಗೆ ಹೋಗಿ ಮಾತಾಡ್ತೀನಿ, ವಿಡಿಯೋ ಅಂದ್ರೆ ಬೆಳಕಿರೋ ಕಡೆ ಕೂರಬೇಕು, ಬೆಳಕಿರೋ ಕಡೆ ಎಲ್ಲಾರೂ ಇರ್ತಾರೆ ಅಂತ. ನಿಯಮದಲ್ಲಿ ಇದಕ್ಕೆ ಅಡ್ಡಿ ಏನೂ ಇಲ್ಲ, 2020ರ ಆ ಗೈಡ್‌ಲೈನ್ಸ್ ಪ್ರಕಾರ ವಿಡಿಯೋ, ಆಡಿಯೋ, ಬರೆದು ಕಳಿಸೋದು ಮೂರಕ್ಕೂ ಅವಕಾಶ ಇದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ಕ್ಕೆ ಶುರುವಾದ ಟೆಲಿ ಮಾನಸ್ ನೋಡಿ, 14416ಕ್ಕೆ ಬರೀ ಒಂದು ಫೋನ್ ಕರೆ, ಯಾವ ಆ್ಯಪ್ಪೂ ಇಲ್ಲದೆ ಕನ್ನಡದಲ್ಲೇ ಮನಸ್ಸಿನ ನೋವು ಹೇಳ್ಕೋಬಹುದು. ವಿಡಿಯೋ ಅದಕ್ಕೆ ಆಮೇಲೆ ಸೇರಿದ್ದು. ಮಾತಿನ ಕರೆ ಅಂದ್ರೆ ಹಳೇ ಕಾಲದ್ದು ಅಂತ ತಾತ್ಸಾರ ಮಾಡೋರಿಗೆ ನಾನು ಆ ಕೊಟ್ಟಿಗೆಯ ಮಾತನ್ನ ಹೇಳ್ತಾನೇ ಇರ್ತೀನಿ.

ಟಿಬಿ ವಿಷಯದಲ್ಲಿ ನಮ್ಮ ಬೆಂಗಳೂರಲ್ಲೇ ಹುಟ್ಟಿದ ಒಂದು ಐಡಿಯಾ ಇದೆ, 99ಡಾಟ್ಸ್ ಅಂತ, ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಶುರುವಾಗಿದ್ದು. ಮೊದಲೆಲ್ಲ ಟಿಬಿ ಪೇಷಂಟ್ ಆರೋಗ್ಯ ಕಾರ್ಯಕರ್ತರ ಎದುರಿಗೇ ಮಾತ್ರೆ ನುಂಗಬೇಕಿತ್ತು, ಕೆಲಸ ಬಿಟ್ಟು ಹೋಗಬೇಕು, ಹೋಗೋದನ್ನ ಊರೋರು ನೋಡ್ತಾರೆ. ಇವರು ಮಾಡಿದ್ದೇನಪ್ಪಾ ಅಂದ್ರೆ, ಮಾತ್ರೆ ಸ್ಟ್ರಿಪ್ಪಿಗೆ ಒಂದು ಕವರ್, ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿರೋ ಫೋನ್ ನಂಬರ್ ಕಾಣುತ್ತೆ, ಅದಕ್ಕೆ ಒಂದು ಫ್ರೀ ಕರೆ ಕೊಟ್ರೆ ಇವತ್ತಿನ ಮಾತ್ರೆ ತಗೊಂಡ್ರು ಅಂತ ಲೆಕ್ಕ. ಸ್ಮಾರ್ಟ್‌ಫೋನ್ ಬೇಡ, ಇಂಟರ್ನೆಟ್ ಬೇಡ, ದುಡ್ಡು ಖರ್ಚಿಲ್ಲ. ಎಷ್ಟು ಜಾಣತನದ ಕೆಲಸ ಅಂತ ನನಗೆ ಈಗಲೂ ಅದರ ಮೇಲೆ ಬಹಳ ಗೌರವ. ಆದ್ರೆ ಅದನ್ನ ಬಳಸಿದ ಪೇಷಂಟ್‌ಗಳ ಜೊತೆ ಆಮೇಲೆ ಸಂಶೋಧಕರು ಮಾತಾಡಿದಾಗ ತಿಳಿದಿದ್ದು, ಮಾತ್ರೆ ನುಂಗಿದೋರೆಲ್ಲ ಕರೆ ಮಾಡ್ತಿರಲಿಲ್ಲ. ಫೋನ್ ತಮ್ಮದಲ್ಲ, ನೆಟ್‌ವರ್ಕ್ ಇಲ್ಲ, ಕೆಲಸದ ಜಾಗದಲ್ಲಿ ಆ ಕವರ್ ಹೊರಗೆ ತೆಗೆದ್ರೆ ಏನಿದು ಅಂತ ಕೇಳ್ತಾರೆ, ಹೀಗೆ ನಾನಾ ಕಾರಣ. ಕಂಪ್ಯೂಟರಲ್ಲಿ ಮಾತ್ರ ಅವರು ಮಾತ್ರೆ ಬಿಟ್ಟೋರು ಅಂತ ಕಾಣ್ತಾರೆ. ದಿನಾ ತಪ್ಪದೆ ಮಾತ್ರೆ ನುಂಗಿದ ಒಬ್ಬ ಹೆಂಗಸಿಗೆ "ಯಾಕೆ ಬಿಟ್ರಿ" ಅಂತ ಫೋನ್ ಹೋದ್ರೆ ಆಕೆಗೆ ಹೇಗಾಗಬೇಡ. ಹೀಗೆ ಆಗಬಹುದು ಅಂತ ಮೊದಲೇ ಊಹಿಸೋಕೆ ಆಗೋದು ಬೇರೆಯೋರ ಫೋನ್ ಕೇಳಿ ಇಸ್ಕೊಂಡು ಬಳಸೋರಿಗೇ.

ಪೇಷಂಟ್ ಕೈಗೇ ಪೂರ್ತಿ ಕೆಲಸ ಹೋದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ, ಅಮೆರಿಕದ್ದು. ಟೈಪ್ 1 ಡಯಾಬಿಟಿಸ್ ಇರೋ ಮಕ್ಕಳ ಮೈಮೇಲೆ ಹಾಕೋ ಶುಗರ್ ಸೆನ್ಸರ್ ಇದೆಯಲ್ಲ, ಅದರ ನಂಬರ್ ಆಗ ಹತ್ತಿರ ಇರೋ ಚಿಕ್ಕ ಡಬ್ಬಿಯಲ್ಲಿ ಮಾತ್ರ ಕಾಣ್ತಿತ್ತು. ನ್ಯೂಯಾರ್ಕ್ ರಾಜ್ಯದ ಜಾನ್ ಕಾಸ್ಟಿಕ್ ಅನ್ನೋ ಒಬ್ಬ ಅಪ್ಪ, ಮಗನಿಗೆ ನಾಲ್ಕು ವರ್ಷಕ್ಕೇ ಶುಗರ್ ಬಂದಿತ್ತು, ಆಫೀಸಿಂದ ಮಗನ ಶುಗರ್ ನೋಡೋ ಹಾಗಿರಬೇಕು ಅಂತ 2013ರಲ್ಲಿ ತಾನೇ ಕೋಡ್ ಬರೆದು ಆ ನಂಬರನ್ನ ಇಂಟರ್ನೆಟ್ಟಿಗೆ ಹಾಕಿದ್ರು. ಅದರಿಂದ ನೈಟ್‌ಸ್ಕೌಟ್ ಅನ್ನೋ, ಶುಗರ್ ನಂಬರನ್ನ ದೂರದಿಂದ ನೋಡೋ ಸಾಫ್ಟ್‌ವೇರ್ ಬೆಳೀತು. ಡೇನಾ ಲೂಯಿಸ್ ಅನ್ನೋ ಸಿಯಾಟಲ್ ಹೆಣ್ಣುಮಗಳಿಗೆ ಇದ್ದ ತೊಂದರೆ ಇನ್ನೂ ಸಣ್ಣದು, ರಾತ್ರಿ ಶುಗರ್ ಇಳಿದ್ರೆ ಹೊಡೆಯೋ ಅಲಾರಂ ಸದ್ದು ಅವರನ್ನ ಎಬ್ಬಿಸೋಷ್ಟು ಜೋರಾಗಿರಲಿಲ್ಲ. ಒಬ್ಬರೇ ಇರೋರು, ನಿದ್ದೆಲೇ ಶುಗರ್ ಇಳಿದ್ರೆ ಜೀವಕ್ಕೇ ಅಪಾಯ. ಕಾಸ್ಟಿಕ್ ಅವರ ಕೋಡ್ ಇಟ್ಕೊಂಡು ಜೋರು ಅಲಾರಂ ಮಾಡ್ಕೊಂಡ್ರು, ಅಲ್ಲಿಂದ ಮುಂದೆ ಹೋಗಿ ಇನ್ಸುಲಿನ್ ಪಂಪನ್ನ ತಾನಾಗೇ ಹೊಂದಿಸೋ ವ್ಯವಸ್ಥೆ ಮಾಡಿ 2015ರಲ್ಲಿ ಓಪನ್‌ಎಪಿಎಸ್ ಅಂತ ಎಲ್ಲರಿಗೂ ಬಿಟ್ಟುಕೊಟ್ರು. ನಮ್ಮ ಅಜ್ಜಿಗೆ ಕೋಡ್ ಬರೆಯೋಕೆ ಬರಲ್ಲ ನಿಜ. ಆದ್ರೆ ಅಲಾರಂ ಕೇಳಿಸಲ್ಲ ಅನ್ನೋದಕ್ಕೂ ಮಾತ್ರೆ ಬಣ್ಣ ಬೇರೆ ಅನ್ನೋದಕ್ಕೂ ಏನ್ ವ್ಯತ್ಯಾಸ ಇದೆ ಹೇಳಿ, ಎರಡೂ ಗೊತ್ತಾಗೋದು ಕಾಯಿಲೆ ಜೊತೆ ಬದುಕೋರಿಗೆ ಮಾತ್ರ. ಅವರಿಗೆ ಕೋಡ್ ಬರ್ತಿತ್ತು, ಇವರ ಪಕ್ಕ ಕೋಡ್ ಬರೋರು ಹೋಗಿ ಕೂರಬೇಕು, ಅಷ್ಟೇ.

ಆದ್ರೆ ಕೂರೋದರಲ್ಲೂ ಕ್ರಮ ಇದೆ. ಆಸ್ಪತ್ರೆ ಒಳಗೆ, ಬಿಳಿ ಕೋಟ್ ಹಾಕಿದೋರು ನಿಂತಿರೋವಾಗ ಕೇಳಿದ್ರೆ ಸತ್ಯ ಬರಲ್ಲ. ಒಂದು ಕಡೆ ನೋಡಿದೀನಿ, ಬಾಗಿಲ ಹತ್ರ ಟ್ಯಾಬ್ ಇಟ್ಟು ನಗೋ ಮುಖ, ಸಪ್ಪೆ ಮುಖ, ಕೋಪದ ಮುಖ ಮೂರು ಹಾಕಿದಾರೆ, ಪಕ್ಕದಲ್ಲೇ ಸಿಸ್ಟರ್ ನಿಂತು "ಒತ್ತಿ ಅಮ್ಮ" ಅಂತಾರೆ. ಯಾರು ಕೋಪದ ಮುಖ ಒತ್ತುತಾರೆ? ಮುಂದಿನ ತಿಂಗಳು ಅದೇ ಸಿಸ್ಟರ್ ಹತ್ರ ಬರಬೇಕಲ್ಲ. "ಒತ್ತಿದ್ರೆ ಡಾಕ್ಟ್ರಿಗೆ ಬೇಜಾರಾಗಲ್ವಾ" ಅಂತ ಒಬ್ರು ನನ್ನನ್ನೇ ಕೇಳಿದ್ರು. ರಿಪೋರ್ಟಲ್ಲಿ ಎಲ್ಲಾ ಹಸಿರು ಬಂದಿರುತ್ತೆ, ಪೇಷಂಟ್ ಅಭಿಪ್ರಾಯ ತಗೊಂಡಿದೀವಿ ಅಂತ ಪ್ರೆಸೆಂಟೇಶನ್ನಲ್ಲಿ ಒಂದು ಸ್ಲೈಡ್ ಸೇರುತ್ತೆ. ನನಗೆ ಇದನ್ನ ನೋಡಿದ್ರೆ ನಿಜವಾಗ್ಲೂ ಸಂಕಟ ಆಗುತ್ತೆ, ಕೇಳದೇ ಇರೋದಕ್ಕಿಂತ ಹೀಗೆ ಕೇಳೋದು ಕೆಟ್ಟದ್ದು, ಕೇಳದಿದ್ರೆ ಕೇಳಿಲ್ಲ ಅಂತನಾದ್ರೂ ಗೊತ್ತಿರುತ್ತೆ. ಅದಕ್ಕೇ ನಾವು ಈಗ ಅಂಗನವಾಡಿಲೋ, ಸ್ವಸಹಾಯ ಸಂಘದವರು ಸೇರೋ ಜಾಗದಲ್ಲೋ, ಸಂಜೆ ಹೊತ್ತು, ಡೈರಿ ಕೆಲಸ ಮುಗಿದ ಮೇಲೆ ಕೂರ್ತೀವಿ. ಆಶಾ ಕಾರ್ಯಕರ್ತೆ ಕರೆಸಿಕೊಡ್ತಾರೆ, ಆಮೇಲೆ ಅವರೂ ಸ್ವಲ್ಪ ಹೊತ್ತು ಹೊರಗೆ ಹೋಗ್ತಾರೆ, ಇದನ್ನ ನಾವೇ ಕೇಳ್ಕೊಂಡಿದ್ದು, ಅವರಿಗೆ ಬೇಜಾರಿಲ್ಲ.

ದುಡ್ಡಿನ ವಿಷಯ. ಬ್ರಿಟನ್‌ನಲ್ಲಿ ಆರೋಗ್ಯ ಸಂಶೋಧನೆಲಿ ಸಾಮಾನ್ಯ ಜನರನ್ನ ಸೇರಿಸ್ಕೊಳ್ಳೋದಕ್ಕೆ ಅಂತಲೇ 1996ರಲ್ಲಿ ಸರ್ಕಾರದ ದುಡ್ಡಲ್ಲಿ ಒಂದು ಸಂಸ್ಥೆ ಶುರು ಮಾಡಿದ್ರು, ಇನ್ವಾಲ್ವ್ ಅಂತ ಅದು ಹೆಸರಾಯ್ತು, ಮೀಟಿಂಗಿಗೆ ಬರೋ ಪೇಷಂಟಿಗೆ ಅವರ ಸಮಯಕ್ಕೆ ಎಷ್ಟು ಕೊಡಬೇಕು, ಪ್ರಯಾಣಕ್ಕೆ ಎಷ್ಟು, ಮನೇಲಿ ತಾವು ನೋಡ್ಕೊಳ್ತಿರೋರನ್ನ ಬಿಟ್ಟು ಬರಬೇಕಾದ್ರೆ ಅದಕ್ಕೆ ಎಷ್ಟು ಅಂತ ಅಲ್ಲಿ ಬರೆದಿಟ್ಟ ಪದ್ಧತಿ ಇದೆ. ನಮ್ಮಲ್ಲಿ ಕನ್ಸಲ್ಟೆಂಟಿಗೆ ದಿನದ ಲೆಕ್ಕ, ಹೋಟೆಲ್ ಲೆಕ್ಕ, ಟ್ಯಾಕ್ಸಿ ಲೆಕ್ಕ ಎಲ್ಲಾ ಇರುತ್ತೆ, ಪೇಷಂಟಿಗೆ ಟೀ ಬಿಸ್ಕೆಟ್. ದುಡ್ಡು ಕೊಟ್ರೆ ಅವರು ನಮಗೆ ಬೇಕಾದ ಹಾಗೆ ಹೇಳ್ತಾರೆ ಅಂತ ಒಂದು ವಾದ ಬರುತ್ತೆ. ಹಾಗಾದ್ರೆ ಕನ್ಸಲ್ಟೆಂಟಿಗೂ ಕೊಡಬಾರದು. ಅಡಿಕೆ ಸುಲಿಯೋ ಸೀಸನ್ನಲ್ಲಿ ಒಂದು ಮಧ್ಯಾಹ್ನ ಬಿಟ್ಟು ಬಂದು ಕೂರೋರಿಗೆ ಆ ಮಧ್ಯಾಹ್ನದ ಬೆಲೆ ಚೆನ್ನಾಗಿ ಗೊತ್ತು, ನಾವು ಅದನ್ನ ಕೊಟ್ಟಾಗ ಅವರು ಮಾತಾಡೋ ರೀತಿನೇ ಬದಲಾಗುತ್ತೆ, ಉಪಕಾರ ಮಾಡೋಕೆ ಬಂದಿಲ್ಲ ಕೆಲಸ ಮಾಡೋಕೆ ಬಂದಿದೀನಿ ಅನ್ನೋ ಹಾಗೆ ಗಟ್ಟಿಯಾಗಿ ಕೂರ್ತಾರೆ.

ಇನ್ನೊಂದು, ಯಾರನ್ನ ಕರೀತೀವಿ ಅನ್ನೋದು. ಚೆನ್ನಾಗಿ ಮಾತಾಡೋ, ಫೋನ್ ಬಳಸೋಕೆ ಬರೋ, ಟೈಮಿಗೆ ಬರೋ ಪೇಷಂಟನ್ನ ಕರೆಯೋದು ಸುಲಭ. ಮಾತ್ರೆ ಬಿಟ್ಟೋರು, ಕ್ಲಿನಿಕ್ಕಿಗೆ ಬರೋದನ್ನೇ ನಿಲ್ಲಿಸಿದೋರು, ಅವರ ಕಾರ್ಡ್ ಮಾತ್ರ ಫೈಲಲ್ಲಿ ಇರುತ್ತೆ, ಅವರನ್ನ ಹುಡುಕಿಕೊಂಡು ಹೋಗೋದು ಕಷ್ಟ, ಆದ್ರೆ ಆ ಸರ್ವೀಸ್ ಬೇಕಾಗಿರೋದೇ ಅವರಿಗೆ. ಹೀಗೆ ಹುಡುಕಿಕೊಂಡು ಹೋದಾಗ ಒಬ್ರು ಹೇಳಿದ್ದು, ಕ್ಲಿನಿಕ್ಕಲ್ಲಿ ಶುಗರ್ ಜಾಸ್ತಿ ಬಂದಾಗೆಲ್ಲ ಎಲ್ಲರೆದುರು "ಸ್ವೀಟ್ ತಿಂದ್ರಾ" ಅಂತ ಗದರ್ತಾರೆ, ನಾಚಿಕೆ ಆಗಿ ಬಿಟ್ಟೆ ಅಂತ. ನಮ್ಮ ಪೇಪರ್ ಸ್ಕ್ರೀನಲ್ಲಿ ಶುಗರ್ ಜಾಸ್ತಿ ಇದ್ರೆ ದೊಡ್ಡ ಕೆಂಪು ಗುರುತು ಬರ್ತಿತ್ತು. ಅವರು ಅದನ್ನ ನೋಡಿ "ಇದೂ ಗದರ್ತದೆ" ಅಂದ್ರು. ಕೆಂಪು ಹೋಯ್ತು, ಆ ಜಾಗದಲ್ಲಿ ಹೋದ ತಿಂಗಳಿಂದ ಈ ತಿಂಗಳಿಗೆ ಎಷ್ಟು ಹೆಚ್ಚು ಕಡಿಮೆ ಅಂತ ಬಂತು, ಅದರ ಕೆಳಗೆ ಸಿಎಚ್ಒ ಜೊತೆ ಮಾತಾಡೋಕೆ ಒಂದು ಬಟನ್.

ಒಳ್ಳೇ ರೀತಿಲಿ ಇದನ್ನ ಮಾಡಿದೋರೂ ನಮ್ಮ ಸುತ್ತಲೇ ಇದಾರೆ. ನೂರಾ ಹೆಲ್ತ್ ಅನ್ನೋ ಸಂಸ್ಥೆ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಒಂದು ಕ್ಲಾಸ್ ಪ್ರಾಜೆಕ್ಟಿಂದ ಹುಟ್ಟಿ ನಾರಾಯಣ ಹೆಲ್ತ್ ಆಸ್ಪತ್ರೆಗಳಲ್ಲಿ ಬೆಳೆದಿದ್ದು. ಅವರು ಕಾರಿಡಾರಲ್ಲಿ ಚಾಪೆ ಹಾಕ್ಕೊಂಡು ದಿನಗಟ್ಟಲೆ ಕಾಯೋ ಮನೆಯವರನ್ನ ಮಾತಾಡಿಸಿ ನೋಡಿದ್ರು, ಆಪರೇಶನ್ ಆದ್ಮೇಲೆ ಮನೇಲಿ ಗಾಯ ಹೇಗೆ ನೋಡ್ಕೋಬೇಕು, ಏನು ತಿನ್ನಿಸಬೇಕು ಅಂತ ತಿಳ್ಕೊಳ್ಳೋ ಹಂಬಲ ಅವರಿಗೆ ಎಷ್ಟಿದೆ ಅಂತ ಕಂಡ್ರು, ವಾರ್ಡಲ್ಲೇ ಮನೆಯವರಿಗೆ ಕಲಿಸೋ ಕ್ಲಾಸ್ ಶುರು ಮಾಡಿದ್ರು, ಮನೆಗೆ ಹೋದ ಮೇಲೆ ಬರೋ ಸಂಶಯಕ್ಕೆ ವಾಟ್ಸಾಪ್ ಆಮೇಲೆ ಬಂತು. ಮೊದಲು ಕಾರಿಡಾರ್, ಆಮೇಲೆ ಫೋನ್. ಈ ಕ್ರಮ ನನಗೆ ಬಹಳ ಹಿಡಿಸಿದ್ದು.

ನಾವೀಗ ಮುಂದಿನ ಕೆಲಸಕ್ಕೆ ಡಯಾಲಿಸಿಸ್ ಪೇಷಂಟ್‌ಗಳ ಜೊತೆ ಕೂರೋಕೆ ಶುರು ಮಾಡಿದೀವಿ. ನಮ್ಮಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಇದೆ, ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಹತ್ತಿರ ಮೆಷಿನ್ ಮೇಲೆ. ಯೋಜನೆ ಬರೆದೋರು ಕೇಳಿದ್ದು ಊಟದ ಪಥ್ಯ ಹೇಳೋ ಆ್ಯಪ್ಪು, ನೀರು ಎಷ್ಟು ಕುಡಿದ್ರು ಅಂತ ಲೆಕ್ಕ ಇಡೋ ಆ್ಯಪ್ಪು. ಪೇಷಂಟ್‌ಗಳು ಕೇಳಿದ್ದು ಬೇರೆ. ಆರ್‌ಒ ಪ್ಲಾಂಟ್, ಅಂದ್ರೆ ಡಯಾಲಿಸಿಸ್ಸಿಗೆ ಬೇಕಾದ ನೀರು ಶುದ್ಧ ಮಾಡೋದು, ಕೆಟ್ಟಿದ್ರೆ, ಮೆಷಿನ್ ನಿಂತಿದ್ರೆ, ನಾವು ಬಸ್ ಹತ್ತೋ ಮುಂಚೆ ಹೇಳಿ, ಮತ್ತೆ ಹತ್ತಿರದಲ್ಲಿ ಯಾವ ಆಸ್ಪತ್ರೆಲಿ ಇವತ್ತು ಮೆಷಿನ್ ಖಾಲಿ ಇದೆ ಅಂತಾನೂ ಹೇಳಿ. ಇದಕ್ಕೆ ಅವರು ಯಾರನ್ನೂ ಕಾದು ಕೂತಿಲ್ಲ, ಅವರದೇ ಒಂದು ವಾಟ್ಸಾಪ್ ಗ್ರೂಪ್ ಇದೆ, ಬೆಳಗಿನ ಶಿಫ್ಟಿನೋರು ಐದೂವರೆಗೆ ಬಂದು ಮೆಷಿನ್ ಓಡ್ತಿದೆಯಾ ಅಂತ ನೋಡಿ ಗ್ರೂಪಲ್ಲಿ ಹಾಕ್ತಾರೆ, ಮಧ್ಯಾಹ್ನದೋರು ಅದನ್ನ ನೋಡಿ ಮನೆ ಬಿಡ್ತಾರೆ. ಗ್ರೂಪಿಲ್ಲದೋರಿಗೆ ಒಬ್ಬ ಹುಡುಗ, ಅವನೂ ಪೇಷಂಟೇ, ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳ್ತಾನೆ. ಅವನ ಡಯಾಲಿಸಿಸ್ ಇರೋ ದಿನ ಆ ಫೋನ್‌ಗಳು ಹೋಗಲ್ಲ. ನಾವು ಮಾಡಬೇಕು ಅಂತ ಈಗ ಒಪ್ಪಿಕೊಂಡಿರೋದು ಇದೊಂದೇ, ಟೆಕ್ನಿಶಿಯನ್ ಒಂದು ಬಟನ್ ಒತ್ತಿದ್ರೆ ಆ ದಿನದ ಲಿಸ್ಟಲ್ಲಿರೋ ಎಲ್ಲರಿಗೂ ಕನ್ನಡದಲ್ಲಿ ಒಂದು ಮಾತಿನ ಕರೆ ಹೋಗಬೇಕು. ಕರೆಯಲ್ಲಿ ಏನು ಹೇಳಬೇಕು ಅನ್ನೋದನ್ನ ಆ ಹುಡುಗನೇ ಬರೆದುಕೊಡ್ತಿದಾನೆ, ಅದಕ್ಕೆ ಅವನಿಗೆ ಸಂಬಳ ಹಾಕಿಸಿದೀವಿ.